ಬೀಗರು ಹಿಡಿದ ಟೇಪು

ನಮ್ಮ ಕಡೆ ಪ್ರತಿ ಮನೆಗೂ ಎರಡು ಅಳತೆ ಇರುತ್ತದೆ. ಹೆಣ್ಣಿನವರು ಮನೆ ನೋಡಲು ಬಂದಾಗ ಒಂದು, ಪುರಸಭೆಯವರು ಕಂದಾಯಕ್ಕೆಂದು ಬಂದಾಗ ಇನ್ನೊಂದು. ಮೊದಲನೆಯದರಲ್ಲಿ ಕೊಟ್ಟಿಗೆಯೂ ಹಾಲ್ ಆಗುತ್ತದೆ, ಎರಡನೆಯದರಲ್ಲಿ ಹಾಲ್ ಕೂಡ ಕೊಟ್ಟಿಗೆಯೇ. ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಮುಖ ನೋಡಿ ಮಣೆ ಹಾಕುವುದು ಹಿಂದಿನಿಂದ ಬಂದ ಪದ್ಧತಿ.

ಸೊರಬದ ನನ್ನ ಮನೆಯೂ ಹೀಗೆ ಹಿಗ್ಗುತ್ತ ಕುಗ್ಗುತ್ತ ಸುಖವಾಗಿತ್ತು. ಕೆಡಿಸಿದವನು ನಾನೇ. ವಾರ್ಡ್ ಸಭೆಯಲ್ಲಿ ಎದ್ದು ನಿಂತು ನಮ್ಮ ಬೀದಿಯ ಗುಂಡಿಗಳ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದೆ. ಗುಂಡಿಯ ನೀರು ನೋಡಿ ಗುಡವಿ ಪಕ್ಷಿಧಾಮದ ಹಕ್ಕಿಗಳು ಇನ್ನು ಇಲ್ಲಿಗೇ ಬಂದು ಇಳಿಯುತ್ತವೆ ಎಂದೆ. ಚಪ್ಪಾಳೆ ಬಿತ್ತು. ಅಧಿಕಾರಿಗಳು ತಣ್ಣಗೆ, "ರಸ್ತೆಗೆ, ಬೀದಿದೀಪಕ್ಕೆ, ನೀರಿಗೆ ವರಮಾನ ಬೇಕಲ್ಲ ಸಾರ್. ಹೊಸದಾಗಿ ಮನೆ ಮನೆ ಅಳೀತೀವಿ. ನಿಮ್ಮ ಬೀದಿಯಿಂದಲೇ ಶುರು ಮಾಡೋಣ" ಎಂದರು. ಅದಕ್ಕೂ ಚಪ್ಪಾಳೆ ಬಿತ್ತು, ಬೇರೆ ಬೀದಿಯವರಿಂದ.

ಕಂದಾಯದ ನಾಗರಾಜ್ ಟೇಪು ಹಿಡಿದು ನಮ್ಮ ಗೇಟು ತೆರೆದದ್ದು, ಶಿಕಾರಿಪುರದ ಚನ್ನಬಸಪ್ಪನವರು ಕಾರಿನಿಂದ ಇಳಿದ ದಿನವೇ. ನನ್ನ ಮಗ ಬಸ್ ಸ್ಟ್ಯಾಂಡ್ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಸಣ್ಣ ಊರಿನ ಅಂಗಡಿಯವನಿಗೆ ಹೆಣ್ಣು ಸಿಗುವುದು ಈಗ ಎಷ್ಟು ಕಷ್ಟವೆಂದು ಗಂಡು ಹೆತ್ತವರನ್ನು ಕೇಳಬೇಕು. ಅಂತೂ ಚನ್ನಬಸಪ್ಪನವರ ಮಗಳು ಒಪ್ಪಿದ್ದಳು. ಅವರು ಮನೆ ನೋಡಿ ಹೂಂ ಎನ್ನುವುದೊಂದೇ ಬಾಕಿ. ಪುರಸಭೆಗೆ ನಾನು ಹೇಳಿಕೊಂಡಂತೆ ನನ್ನ ಮನೆಗೆ ಮಹಡಿಯೇ ಇಲ್ಲ. ಮದುವೆಯ ಮಧ್ಯಸ್ಥರು ಚನ್ನಬಸಪ್ಪನವರಿಗೆ ಹೇಳಿದಂತೆ ಎರಡು ಮಹಡಿ. ದೇವರು ಮೆಚ್ಚುವಂತೆ ಇದ್ದದ್ದು ಒಂದು.

"ಇವರ್ಯಾರ್ರೀ, ಟೇಪ್ ಹಿಡ್ಕಂಡಾರ?" ಎಂದರು ಚನ್ನಬಸಪ್ಪ.

ಅತ್ತ ದರಿ, ಇತ್ತ ಪುಲಿ. ಕಂದಾಯದವರು ಎಂದರೆ ಮಹಡಿಯಿಲ್ಲದ ಮನೆಯ ಕಥೆ ಹೊರಬೀಳುತ್ತದೆ. ನಾಲಿಗೆ ತಾನಾಗಿ ಹೊರಳಿತು. "ಪೆಂಡಾಲಿನವ್ರು. ನೀವು ಹೂಂ ಅಂದ್ರೆ ಚಪ್ಪರಕ್ಕೆ ಎಷ್ಟು ಜಾಗ ಆಗ್ತದೆ ಅಂತ ನೋಡೋಕೆ ಕರೆಸಿದ್ದೆ."

ನಾಗರಾಜ್ ನನ್ನನ್ನೊಮ್ಮೆ ನೋಡಿ ಟೇಪು ಬಿಚ್ಚಿದ. ಚನ್ನಬಸಪ್ಪನವರ ಮುಖ ಮಾತ್ರ ಅರಳಿತು. ಹೂಂ ಎನ್ನುವ ಮೊದಲೇ ಚಪ್ಪರಕ್ಕೆ ಓಡಾಡುವ ಬೀಗರು ಯಾರಿಗೆ ಸಿಗುತ್ತಾರೆ! ಪಂಚೆ ಎತ್ತಿ ಕಟ್ಟಿ ಟೇಪಿನ ಇನ್ನೊಂದು ತುದಿ ತಾವೇ ಹಿಡಿದರು.

"ಬಿಗಿಯಾಗಿ ಎಳೀರಿ. ಹಿಂದಿನ ಶೆಡ್ ಬಿಟ್ರಲ್ಲ, ಅಡಿಗಿಯವ್ರು ಎಲ್ಲಿ ಕುಂದರಬೇಕು?"

"ಶೆಡ್ ಬೇಡ ಬಿಡಿ, ಹಳೇ ಸಾಮಾನು ತುಂಬಿದೆ" ಎಂದೆ ಕ್ಷೀಣವಾಗಿ. ಅಷ್ಟರಲ್ಲಿ ಹೆಂಡತಿ ಗಿರಿಜಾ, ನಾನೇ ಹಿಂದಿನ ದಿನ ಹೇಳಿಕೊಟ್ಟಿದ್ದ ಪಾಠವನ್ನು ಒಪ್ಪಿಸಿದಳು: "ಮೇಲೂ ಇದೆ ಬನ್ನಿ, ಮಾರ್ಬಲ್ ಹಾಕ್ಸಿದೀವಿ."

ಪುರಸಭೆಯ ಲೆಕ್ಕದಲ್ಲಿ ಇಲ್ಲದ ಮಹಡಿಯನ್ನು ಇಂಚಿಂಚೂ ಅಳೆದರು. ಆ ಹುರುಪಿನಲ್ಲಿ ಎರಡನೇ ಮಹಡಿ ಎಲ್ಲಿ ಎಂದು ಕೇಳುವುದನ್ನೇ ಚನ್ನಬಸಪ್ಪ ಮರೆತರು. ನಾಗರಾಜ್ ಬಾಲ್ಕನಿ ಬಿಟ್ಟು ಹೊರಟಿದ್ದ. "ಅದೂ ಮನೀನ ಅಲ್ಲೇನ್ರಿ? ಬರ್ಕೊಳ್ರಿ" ಎಂದು ಚನ್ನಬಸಪ್ಪ ಹಟ ಹಿಡಿದು ಬರೆಸಿದರು. ನನಗೆ ಅಳು ಬರುವುದೊಂದು ಬಾಕಿ.

ಅವಲಕ್ಕಿ ತಿನ್ನುತ್ತ ಅವರು, "ಮನಿ ಭಾಳ ಚಲೋ ಐತ್ರಿ. ನಮ್ಮ ಹುಡುಗಿ ಇಲ್ಲಿಗೇ" ಎಂದುಬಿಟ್ಟರು. ಗಿರಿಜಾ ಕಣ್ಣೊರೆಸಿಕೊಂಡಳು. ನನ್ನ ಎದೆಯೂ ತುಂಬಿತು. ಆಮೇಲೆ ಅವರು ನಾಗರಾಜನ ಕಡೆ ತಿರುಗಿದರು. "ಇಷ್ಟು ಚೊಕ್ಕ ಅಳತಿ ಮಾಡೋರನ್ನ ನಾ ಎಲ್ಲೂ ನೋಡಿಲ್ಲ. ನಮ್ಮ ಮನೀಗೂ ಚಪ್ಪರ ಆಗಬೇಕು. ಮುಂದ ಬಾಡಿಗಿ ಮಳಿಗಿ ಅದಾವು, ಹಿಂದ ಗೋಡಾನ್ ಐತಿ, ಎಲ್ಲಾ ಅಳೀಬೇಕು."

"ಶಿಕಾರಿಪುರದಲ್ಲಿ ನಮ್ಮವರೇ ಇದ್ದಾರೆ ಯಜಮಾನ್ರೆ. ವಿಳಾಸ ಕೊಡಿ, ಹೇಳಿ ಕಳಿಸ್ತೀನಿ" ಎಂದ ನಾಗರಾಜ್ ವಿನಯದಿಂದ.

ತಡೆಯಬೇಕೆಂದು ಬಾಯಿ ತೆರೆದೆ. ತಡೆದರೆ ಸಂಬಂಧ ಮುರಿಯುತ್ತದೆ. ಎದುರಿಗೆ ಕೂತಿದ್ದ ಮಗನ ಮುಖ ನೋಡಿ, ಬಾಯಿಗೆ ಅವಲಕ್ಕಿ ಹಾಕಿಕೊಂಡೆ. ನಿಜ ಹೇಳಬೇಕೆಂದರೆ, ಕಂದಾಯ ಹೆಚ್ಚುವುದು ನನ್ನೊಬ್ಬನಿಗೇ ಅಲ್ಲವಲ್ಲ ಎಂದು ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು.

ಈಗ ನಮ್ಮ ಬೀದಿಗೆ ಜಲ್ಲಿ ಬಂದು ಬಿದ್ದಿದೆ. ಕಂದಾಯ ಜಾಸ್ತಿಯಾಯಿತೆಂದು ಯಾರಾದರೂ ಗೊಣಗಿದರೆ ಪ್ರಜೆಯ ಕರ್ತವ್ಯದ ಬಗ್ಗೆ ನಾನೇ ಬೋಧನೆ ಮಾಡುತ್ತೇನೆ. ಶಿಕಾರಿಪುರದ ಬೀಗರಿಂದ ಫೋನ್ ಬಂದಾಗ ಮಾತ್ರ ಅದನ್ನು ಗಿರಿಜಾಳ ಕೈಗೆ ಕೊಟ್ಟು ಬಚ್ಚಲಿಗೆ ಹೋಗುತ್ತೇನೆ.