ಮೂರೂವರೆ ಕಿಲೋ ಇಳಿದ ಮಾಸ್ತರ

ಎಲ್ಲ ಆಗಿದ್ದು ಒಂದು ಅರ್ಧ ಕಿಲೋದಿಂದ. ಗೋಕಾಕದ ಯೋಗ ಬಳಗದವರು ತೂಕ ಇಳಿಸುವ ಸ್ಪರ್ಧೆ ಇಟ್ಟಿದ್ದರು. ಗೆದ್ದವರಿಗೆ ಐದು ಕಿಲೋ ಕರದಂಟು. ಬಹುಮಾನ ಗೊತ್ತುಮಾಡಿದವರ ಬುದ್ಧಿಗೆ ಕೈಮುಗಿಯಬೇಕು. ಆ ಕರದಂಟಿನ ಆಸೆಗೇ ಕಂಪ್ಯೂಟರ್ ಕಲಿಸುವ ಗಜಾನನ ಮಾಸ್ತರ ಒಂದು ತಿಂಗಳು ಬರೀ ಮಜ್ಜಿಗೆ ಕುಡಿದು ದಿನ ದೂಡಿದ್ದ.

ಇವತ್ತಿನ ತೂಕದಲ್ಲಿ ಹಳೆಯ ತೂಕ ಕಳೆದು ತೋರಿಸುವ ಪ್ರೋಗ್ರಾಮನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆದವನೂ ಅವನೇ.

“ದಶಾಂಶ ಗಿಶಾಂಶ ಬ್ಯಾಡೋ ಮಾಸ್ತರ, ಪೂರ್ತಿ ಅಂಕಿ ತೋರಸು,” ಎಂದಿದ್ದರು ಬಳಗದ ಅಧ್ಯಕ್ಷ ಮುರಿಗೆಪ್ಪ ಕಾಕಾ. ಗಜಾನನ ದಶಾಂಶವನ್ನು ಹತ್ತಿರದ ಪೂರ್ತಿ ಅಂಕಿಗೆ ತರುವ ರೌಂಡ್ ಹಾಕಿದ್ದ. ಅರ್ಧ ಬಂದರೆ ಮೇಲಿನ ಅಂಕಿಗೆ ಹೋಗುತ್ತದೆ ಎಂಬ ಧೈರ್ಯ.

ಭಾನುವಾರ ಬೆಳಿಗ್ಗೆ ತೂಕವಾಯಿತು. ಗಜಾನನ ಸರಿಯಾಗಿ ಮೂರೂವರೆ ಕಿಲೋ ಇಳಿದಿದ್ದ, ಹುಕ್ಕೇರಿ ಕಡೆಯ ವೀರಪ್ಪ ಮೂರು. ಪರದೆಯ ಮೇಲೆ ಮಾತ್ರ ಇಬ್ಬರಿಗೂ ಮೈನಸ್ ಮೂರು. ಕೆಳಗಿನ ಹೆಸರುಗಳನ್ನು ಯಾರೂ ನೋಡಲಿಲ್ಲ.

“ನನ್ನ ಅರ್ಧಾ ಕಿಲೋ ಎಲ್ಲಿ ಹೋತ್ರಿ?” ಎಂದ ಗಜಾನನ.

ಕೇಳಿದವನಿಗೇ ಉತ್ತರ ಹೊಳೆಯಿತು. ಮೈನಸ್ ಮೂರೂವರೆಯಿಂದ ಮೇಲಕ್ಕೆ ಹೋದರೆ ಸಿಗುವುದು ಮೈನಸ್ ಮೂರೇ. ಕಂಪ್ಯೂಟರ್ ನಿಯತ್ತಿನಿಂದಲೇ ಅವನ ಅರ್ಧ ಕಿಲೋ ನುಂಗಿತ್ತು.

“ಇಬ್ಬರೂ ಹಂಚಕೊಂಡ ತಿನ್ರಿ,” ಎಂದಳು ಬಳಗದ ಸತ್ತೆವ್ವ. ಕೇಳದಿದ್ದರೂ ನ್ಯಾಯ ಹೇಳುವುದು ಆಕೆಯ ಅಭ್ಯಾಸ.

“ಅದ್ಹೆಂಗ್ರಿ? ಹತ್ತ ನಿಮಿಷ ಕೊಡ್ರಿ, ತಿದ್ದತೇನಿ.”

“ಇದೊಂದ ಸಲ. ಆಮ್ಯಾಲೆ ಏನ ಬಂದ್ರೂ ಅದ ಖರೆ,” ಎಂದರು ಕಾಕಾ.

ಹಸಿದವನ ಬುದ್ಧಿ ಎಷ್ಟು ದೂರ ಓಡೀತು? ರೌಂಡ್ ಮಾಡುವ ಮೊದಲು ಮೈನಸ್ ಚಿಹ್ನೆಯನ್ನೇ ತೆಗೆಸಿದ. ಮೂರೂವರೆ ಈಗ ನಾಲ್ಕಾಗಬೇಕು. ದೊಡ್ಡ ಅಂಕಿ ಮೇಲೆ ಬರುವಂತೆ ಪಟ್ಟಿಯನ್ನೂ ತಿರುಗಿಸಿ ಗುಂಡಿ ಒತ್ತಿದ. ವೀರಪ್ಪ ಮೂರು, ಗಜಾನನ ನಾಲ್ಕು. ಅವನು ಕರದಂಟಿನ ಡಬ್ಬಿಗೆ ಕೈ ಚಾಚಿದ.

“ತಡೀರಿ,” ಎಂದಳು ಸತ್ತೆವ್ವ. “ನಿಮ್ಮ ಮ್ಯಾಲೆ ಇನ್ನೊಂದ ಹೆಸರ ಐತಿ.”

ಸುಂದ್ರವ್ವ, ಐದು. ಮೂಡಲಗಿಯ ತವರಿನಲ್ಲಿ ಮೂರು ಮದುವೆ ಉಂಡು ಐದು ಕಿಲೋ ಏರಿ ಬಂದವಳು. ಮೈನಸ್ ಹೋದ ಮೇಲೆ ಇಳಿದವರೂ ಏರಿದವರೂ ಒಂದೇ ಸಾಲಿಗೆ ಬಂದಿದ್ದರು.

“ಕಾಕಾ, ಇವರು ಇಳಿದಿಲ್ರಿ, ಏರ್ಯಾರ. ನೋಡಿದ್ರ ಗೊತ್ತಾಗೂದಿಲ್ಲೇನ್ರಿ?”

“ಹೆಣ್ಮಕ್ಕಳ ಮೈ ನೋಡಿ ಮಾತಾಡ್ತೀರಲ್ರಿ ಮಾಸ್ತರ,” ಎಂದಳು ಸತ್ತೆವ್ವ. ಗಜಾನನ ತಲೆ ತಗ್ಗಿಸಿದ.

“ತಿದ್ದಿದಾಂವ ನೀನ. ಮುಗೀತು,” ಎಂದರು ಕಾಕಾ.

ಸುಂದ್ರವ್ವ ಒಳ್ಳೆಯ ಮನಸ್ಸಿನವಳು. ಅಲ್ಲೇ ಡಬ್ಬಿ ಬಿಚ್ಚಿ ಎಲ್ಲರ ಕೈಗೂ ಒಂದೊಂದು ತುಂಡು ಇಟ್ಟಳು. ಗಜಾನನ ಕೈ ಒಡ್ಡಿದಾಗ ಮಾತ್ರ ಡಬ್ಬಿ ಮುಚ್ಚಿದಳು.

“ನಿಮಗ ಬ್ಯಾಡ್ರಿ ಮಾಸ್ತರ. ಇಷ್ಟ ಕಷ್ಟಪಟ್ಟ ಸಣ್ಣ ಆಗೀರಿ, ಕೆಡಿಸಿದ ಪಾಪ ನನಗ ಯಾಕ?”