ನಲವತ್ತು ಜನದ ಅಳತೆ

ಒಬ್ಬ ಮನುಷ್ಯನನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕೋ, ಮನೆಗೆ ಕಳಿಸಬೇಕೋ ಎಂದು ತೀರ್ಮಾನಿಸುವ ಕೋಣೆಯಲ್ಲಿ ಯಾರೂ ನಗಬಾರದು. ಆದರೆ ನಗು ಬರುವಂಥದ್ದು ಬೇರೆಲ್ಲ ಕಡೆಗಿಂತ ಅಲ್ಲೇ ಹೆಚ್ಚು ನಡೆಯುತ್ತಿತ್ತು. ಕೆಮ್ಮಿದಂತೆ ಮಾಡಿ, ಕರಿ ಕೋಟಿನ ತೋಳಿಗೆ ಬಾಯಿ ಒತ್ತಿಕೊಂಡು, ನಾನು ಅಲ್ಲಿ ನಾಲ್ಕು ವರ್ಷ ಕಳೆದೆ.

ನಾನು ಹುಟ್ಟಿದ್ದು ಬೀದರ್ ಕಡೆ. ಮದುವೆಯಾಗಿ ವಿಜಯನಗರ ಬಡಾವಣೆಗೆ ಬಂದವಳು ಇಲ್ಲೇ ಉಳಿದೆ, ಇಲ್ಲೇ ವಕಾಲತ್ತು ಮಾಡಿದೆ. ಅರವತ್ತು ದಾಟಿದ ಮೇಲೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಮುಂದೆ ಸರ್ಕಾರದ ಪರ ವಾದಿಸುವ ಕೆಲಸ ಸಿಕ್ಕಿತು. ಕೆಲಸ ಹೇಳಲು ಸುಲಭ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದ ರೋಗಿಯನ್ನು ಆಸ್ಪತ್ರೆ ಮೂವತ್ತು ದಿನ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಮಂಡಳಿಯನ್ನು ಕೇಳಬೇಕು. ಆಸ್ಪತ್ರೆ ತೊಂಬತ್ತು ದಿನ ಕೇಳುತ್ತದೆ. ಕೇಳುವ ಬಾಯಿ ನನ್ನದು.

ಕೇಸುಗಳು ಬೇಕಾದಷ್ಟು ನಡೆಸಿದೆ. ಇಲ್ಲಿ ಹೇಳುತ್ತಿರುವುದೆಲ್ಲ ಒಂದೇ ಕೇಸಿನದು. ನಾಗರಬಾವಿಯಲ್ಲಿ ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಮೆಸ್ ನಡೆಸಿದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಮೆಸ್ಸಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಅವರಿಗೆ ಮನೆಗೆ ಹೋಗಬೇಕಿತ್ತು. ಅವರು ಹೋಗಬಾರದು ಎಂದು ನಾನು ವಾದಿಸಬೇಕಿತ್ತು.

೧. ವಿಳಾಸ

ವಾರ್ಡಿನ ಡಾಕ್ಟರು ತಮ್ಮ ವರದಿಯಲ್ಲಿ, ‘ರೋಗಿಗೆ ತಾನಿರುವ ಸ್ಥಳದ ಸರಿಯಾದ ಅರಿವಿಲ್ಲ’ ಎಂದು ಬರೆದಿದ್ದರು. ಮನೆ ಎಲ್ಲಿ ಎಂದು ಕೇಳಿದಾಗ ಮೆಸ್ಸಮ್ಮ ಕೊಟ್ಟ ಉತ್ತರವನ್ನೂ ಕೆಳಗೆ ಹಾಕಿದ್ದರು: “ಐದನೇ ಕ್ರಾಸ್ ಆದ್ಮೇಲೆ ಎಂಟನೇ ಕ್ರಾಸ್ ಬರುತ್ತೆ. ಎಂಟಕ್ಕೂ ಒಂಬತ್ತಕ್ಕೂ ಮಧ್ಯ ಐದು ‘ಎ’. ಅದ್ರಲ್ಲಿ ಮೂರನೇ ಮನೆ. ನಂಬರ್ ಹದಿನೇಳು. ಎದುರು ಮನೇದೂ ಹದಿನೇಳೇ.”

ಇದನ್ನು ಮಂಡಳಿಯ ಮುಂದೆ ಓದುವ ಮೊದಲು ಒಮ್ಮೆ ನೋಡಿಬಿಡೋಣ ಎನ್ನಿಸಿ ಭಾನುವಾರ ಆಟೋ ಹತ್ತಿದೆ. ನಾಗರಬಾವಿಯೊಳಗೆ ಹೋದ ಮೇಲೆ ಆಟೋದವನು ನಿಧಾನ ಮಾಡಿದ.

“ಮೇಡಂ, ಅದು ಐದನೇ ಕ್ರಾಸು. ಇಲ್ನೋಡಿದ್ರೆ ಎಂಟು ಅಂತ ಹಾಕವ್ರೆ. ಆರು, ಏಳು ಎಲ್ಲೋಯ್ತು?”

“ಮುಂದೆ ಹೋಗಪ್ಪ, ಈಗ ಐದು ‘ಎ’ ಬರುತ್ತೆ.”

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. “ಮನೇಲಿ ಯಾರಿಗಾದ್ರೂ ಹೇಳಿ ಬಂದಿದೀರಾ ತಾಯಿ?” ಎಂದು ಬಹಳ ಮೃದುವಾಗಿ ಕೇಳಿದ.

ಐದು ‘ಎ’ ಬಂತು. ಮೂರನೇ ಮನೆ ಹದಿನೇಳು. ಎದುರು ಮನೆಯೂ ಹದಿನೇಳು.

ಸೋಮವಾರ ಡಾಕ್ಟರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಇರ್ಬಹುದು ಮೇಡಂ. ನಾನೂ ಅಲ್ಲೇ ಬಾಡಿಗೆಗೆ ಇರೋದು, ಆರು ವರ್ಷ ಆಯ್ತು.”

“ಮತ್ತೆ ಅವರಿಗೆ ಅರಿವಿಲ್ಲ ಅಂತ ಯಾಕೆ ಬರೆದ್ರಿ?”

“ಅವರು ಅಷ್ಟು ಖಚಿತವಾಗಿ ಹೇಳಿದ್ರು ಮೇಡಂ. ನಮ್ಮ ಏರಿಯಾದಲ್ಲಿ ಯಾರೂ ವಿಳಾಸನ ಹಾಗೆ ಖಚಿತವಾಗಿ ಹೇಳಲ್ಲ.”

೨. ಅವರ ವಕೀಲ

ವಕೀಲರನ್ನು ಇಟ್ಟುಕೊಳ್ಳಲಾಗದವರಿಗೆ ಉಚಿತವಾಗಿ ಒಬ್ಬರನ್ನು ಕೊಡುತ್ತಾರೆ. ಮೆಸ್ಸಮ್ಮನಿಗೆ ಸಿಕ್ಕವರು ಮೂವತ್ತೈದರ ಆಸುಪಾಸಿನ, ತಲೆಗೂದಲು ಆಗಲೇ ಹಿಂದಕ್ಕೆ ಸರಿದಿದ್ದ ಒಬ್ಬ ವಕೀಲರು. ಮೊದಲ ದಿನ ಎದ್ದು ನಿಂತು, “ಮಾನ್ಯ ಅಧ್ಯಕ್ಷರೇ, ನನ್ನ ಕಕ್ಷಿದಾರರು” ಎನ್ನುವಷ್ಟರಲ್ಲಿ ಕಕ್ಷಿದಾರರು ಕೈ ಎತ್ತಿದರು.

“ಏಯ್, ನೀನು ನಮ್ಮ ಮಹಡಿ ರೂಮಲ್ಲಿದ್ದೋನಲ್ವೇನೋ? ಪಲ್ಯ ಮುಟ್ತಿರ್ಲಿಲ್ಲ.”

ವಕೀಲರು ಕಾಗದ ಕೆಳಗಿಟ್ಟರು. “ಹೌದಮ್ಮ.”

“ಈಗ ತಿಂತೀಯಾ?”

“ತಿಂತೀನಮ್ಮ.”

“ಏನು ತಿಂತೀಯೋ. ಕೂದ್ಲೆಲ್ಲ ಹೋಗಿದೆ.”

ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ತಾಳ್ಮೆಯವರು. ಮುಂದುವರಿಸಿ ಎಂದರು. ವಕೀಲರು ಚೇತರಿಸಿಕೊಂಡು ಇದನ್ನೇ ವಾದವಾಗಿ ತಿರುಗಿಸಿದರು. “ನೋಡಿ ಸಾರ್, ಹತ್ತು ವರ್ಷದ ಹಿಂದೆ ಒಬ್ಬ ಹುಡುಗ ಏನು ತಿಂತಿರ್ಲಿಲ್ಲ ಅನ್ನೋದು ಕೂಡ ಇವರಿಗೆ ನೆನಪಿದೆ. ಇಂಥ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಹೇಗೆ ಹೇಳೋದು?”

ಪ್ರಶ್ನೆ ನೆನಪಿನದಲ್ಲ, ಬಾರದ ನಿದ್ರೆಯದು, ಉರಿಯುತ್ತಲೇ ಬಿಟ್ಟುಹೋದ ಒಲೆಯದು ಎಂದು ನಾನು ಏಳುತ್ತಿದ್ದೆ. ಅಷ್ಟರಲ್ಲಿ ಮೆಸ್ಸಮ್ಮನೇ ಅಧ್ಯಕ್ಷರಿಗೆ ಹೇಳಿದರು: “ಸಾರ್, ಇವನು ಒಳ್ಳೇ ಹುಡುಗ. ಆದ್ರೆ ಇವನು ಹೇಳಿದ್ದೆಲ್ಲ ನಂಬ್ಕೋಬೇಡಿ. ಊರಿಂದ ಅವರಮ್ಮ ಫೋನ್ ಮಾಡಿದಾಗ್ಲೆಲ್ಲ ಪಲ್ಯ ತಿಂದೆ ಅಂತಿದ್ದ.”

೩. ನನ್ನ ಕಡೆಯವರೇ ಸೋಲು ಬಯಸಿದ್ದು

ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಆರೋಗ್ಯವಾಗಿರುವಾಗಲೇ ಬರೆದಿಡುವ ಹಕ್ಕು ಈಗ ಎಲ್ಲರಿಗೂ ಇದೆ. ಮೆಸ್ಸಮ್ಮನೂ ಹಾಗೆ ಒಂದು ಪತ್ರ ಬರೆದಿಟ್ಟಿದ್ದಾರೆ ಎಂದು ಅವರ ವಕೀಲರು ಎರಡನೇ ವಿಚಾರಣೆಗೆ ಮೊದಲೇ ತಿಳಿಸಿದರು. ಮೊದಲೊಮ್ಮೆ ಇದೇ ಕಾಯಿಲೆಗೆ ಇದೇ ಆಸ್ಪತ್ರೆಯಲ್ಲಿದ್ದು ಗುಣವಾಗಿ ಹೋದಾಗ ಬರೆದದ್ದು. ಮಾತ್ರೆ ಬೇಡ ಎಂದು ಬರೆದಿದ್ದರೆ ಏನು ಗತಿ ಎಂದು ಡಾಕ್ಟರು ಬೆವರಿದರು. ನಾನೂ ನಾಲ್ಕು ತೀರ್ಪು ಓದಿಕೊಂಡು ಬಂದೆ.

ವಿಚಾರಣೆಯ ದಿನ ಅಧ್ಯಕ್ಷರು ಪತ್ರವನ್ನು ಗಟ್ಟಿಯಾಗಿ ಓದಿದರು. ಮಾತ್ರೆಯ ಬಗ್ಗೆ ಒಂದು ಸಾಲು: ‘ಡಾಕ್ಟ್ರು ಕೊಟ್ಟಿದ್ದು ತಗೋತೀನಿ.’ ಉಳಿದ ಒಂದೂವರೆ ಪುಟ ಆಸ್ಪತ್ರೆಯ ಉಪ್ಪಿಟ್ಟಿನ ಬಗ್ಗೆ. ರವೆಯನ್ನು ಘಮ ಬರುವವರೆಗೆ ಹುರಿಯದೆ ಮಾಡಿದ ಉಪ್ಪಿಟ್ಟನ್ನು ತನಗೆ ಪ್ರಜ್ಞೆ ಇಲ್ಲದಿದ್ದಾಗಲೂ ಕೊಡಬಾರದು. ನೀರು ಕುದಿಯುವ ಮೊದಲು ರವೆ ಸುರಿಯುವವರನ್ನು ಬೇರೆ ಕೆಲಸಕ್ಕೆ ಹಾಕಬೇಕು.

ನಾನು ಆಕ್ಷೇಪಿಸಲೇಬೇಕಿತ್ತು. ಉಪ್ಪಿಟ್ಟು ಚಿಕಿತ್ಸೆಯಲ್ಲ, ಆದ್ದರಿಂದ ಈ ಪತ್ರ ಆಸ್ಪತ್ರೆಯನ್ನು ಕಟ್ಟಿಹಾಕುವುದಿಲ್ಲ ಎಂದು ಎದ್ದೆ. ಯಾರೋ ನನ್ನ ಕೋಟಿನ ತುದಿ ಹಿಡಿದೆಳೆದರು. ತಿರುಗಿದರೆ ನಮ್ಮ ಡಾಕ್ಟರು.

“ಮೇಡಂ, ನಾನು ಬೆಳಗ್ಗೆ ತಿಂಡಿ ಆಸ್ಪತ್ರೇಲೇ ತಿನ್ನೋದು,” ಎಂದರು ಪಿಸುಮಾತಿನಲ್ಲಿ. “ಈ ಒಂದು ಪಾಯಿಂಟಲ್ಲಿ ನೀವು ಸೋತ್ರೆ ಉಪಕಾರ.”

೪. ಮಗ

ಇದರಲ್ಲಿ ನಗುವುದು ಕಡಿಮೆ. ಆದರೂ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಮೆಸ್ಸಮ್ಮನ ಮಗ ರಾಜಾಜಿನಗರದ ಒಂದು ಕಚೇರಿಯಲ್ಲಿ ಗುಮಾಸ್ತ. ತಾಯಿಯನ್ನು ಸೇರಿಸಿದ್ದು ಅವನೇ. ಅವನು ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತು ನನಗೆ ಎಲ್ಲ ಹೇಳಿದ. ಫೋನಿನಲ್ಲೇ ಊಟ ತರಿಸಿಕೊಳ್ಳುವುದು ಬಂದ ಮೇಲೆ ಮೆಸ್ಸಿಗೆ ಬರುವ ಹುಡುಗರು ಕಡಿಮೆಯಾದರು. ನಲವತ್ತು ಇದ್ದವರು ಹತ್ತಾದರು, ಆಮೇಲೆ ಇಬ್ಬರು. ಕೊನೆಗೆ ಆ ಇಬ್ಬರೂ ರೂಮು ಬಿಟ್ಟರು. ಅಮ್ಮ ಮಾತ್ರ ದಿನಾ ನಲವತ್ತು ಜನಕ್ಕೆ ಅಡುಗೆ ಮಾಡುತ್ತಲೇ ಇದ್ದರು.

“ಕಮ್ಮಿ ಮಾಡಮ್ಮ ಅಂದ್ರೆ, ನಂಗೆ ನಲವತ್ತು ಜನದ ಅಳತೆ ಮಾತ್ರ ಗೊತ್ತಿರೋದು ಕಣೋ ಅಂತಿದ್ರು ಮೇಡಂ.”

ಬರಬರುತ್ತಾ ನಿದ್ರೆ ಹೋಯಿತು, ಮಾತು ನಿಲ್ಲದಾಯಿತು. ಅನ್ನದ ಡಬರಿ ಹೊತ್ತು ಬಸ್ ಸ್ಟಾಪಿಗೆ ಹೋಗಿ, ಬಸ್ಸಿನಿಂದ ಡ್ರೈವರನ್ನು ಇಳಿಸಿ ಬಡಿಸಿದರು. ಹಿಂದೆ ಅರ್ಧ ಕಿಲೋಮೀಟರು ಗಾಡಿ ನಿಂತವು. ಒಂದು ದಿನ ಮೂರು ಒಲೆ ಉರಿಯುತ್ತಿರುವಂತೆಯೇ ಹಾಗೆ ಹೊರಟುಹೋಗಿದ್ದರು. ಕಿಟಕಿಯ ಪರದೆಗೆ ಬೆಂಕಿ ಹತ್ತಿತು. ಪಕ್ಕದ ಮನೆಯವರು ನೋಡದಿದ್ದರೆ ಮನೆ ಉಳಿಯುತ್ತಿರಲಿಲ್ಲ.

“ನನಗೂ ಅವರನ್ನ ಇಲ್ಲಿ ಬಿಟ್ಟು ಹೋಗೋದು ಇಷ್ಟ ಇಲ್ಲ ಮೇಡಂ. ಆದ್ರೆ ಕೆಲಸಕ್ಕೆ ಹೋದ್ರೆ ಒಲೆ ನೆನಪಾಗುತ್ತೆ,” ಎಂದ. ಕಣ್ಣು ಒರೆಸಿಕೊಂಡ.

ಅವನ ಭಯ ಸುಳ್ಳಲ್ಲ. ನನ್ನ ಇಡೀ ವಾದ ನಿಂತಿದ್ದದ್ದು ಆ ಭಯದ ಮೇಲೆ.

“ನೀವು ಮೊದಲೇ ಯಾಕೆ ಯಾರಿಗೂ ಹೇಳಲಿಲ್ಲ?” ಎಂದು ಕೇಳಿದೆ.

“ಹೇಗಾದ್ರೂ ಮುಗಿಸಿಬಿಡಬಹುದು ಅಂದ್ಕೊಂಡೆ ಮೇಡಂ. ನಲವತ್ತರಲ್ಲಿ ನಾಲ್ಕು ಜನದ್ದು ನಾನೇ ತಿಂತಿದ್ದೆ,” ಎಂದು ಶರ್ಟಿನ ಬಿಗಿಯಾದ ಗುಂಡಿ ತೋರಿಸಿದ. “ಈಗ ಶುಗರ್ ಬಂದಿದೆ.”

೫. ನನ್ನನ್ನೇ ಆರಿಸಿದ್ದು

ತನ್ನ ಪರವಾಗಿ ಚಿಕಿತ್ಸೆಯ ವಿಷಯದಲ್ಲಿ ಮಾತಾಡಲು ರೋಗಿ ಒಬ್ಬ ಪ್ರತಿನಿಧಿಯನ್ನು ಆರಿಸಿಕೊಳ್ಳಬಹುದು. ಮೂರನೇ ವಿಚಾರಣೆಯಲ್ಲಿ ಅಧ್ಯಕ್ಷರು, “ಯಾರಾಗಬೇಕಮ್ಮ?” ಎಂದು ಕೇಳಿದರು. ಮಗ ತಲೆ ತಗ್ಗಿಸಿ ಕೂತಿದ್ದ. ವಕೀಲರು ಕೊರಳ ಪಟ್ಟಿ ಸರಿಮಾಡಿಕೊಂಡರು. ಮೆಸ್ಸಮ್ಮ ನನ್ನ ಕಡೆ ಬೆರಳು ತೋರಿಸಿದರು.

ಅಧ್ಯಕ್ಷರು ಕನ್ನಡಕ ತೆಗೆದರು. “ಅವರು ನಿಮ್ಮ ವಿರುದ್ಧ ವಾದ ಮಾಡ್ತಿರೋರು.”

“ಗೊತ್ತು ಸಾರ್. ಅದಕ್ಕೇ ನನ್ನ ಫೈಲು ಪೂರ್ತಿ ಓದಿರೋದು ಅವರೊಬ್ರೇ. ನನ್ನ ಮನೆ ಹುಡುಕ್ಕೊಂಡು ಬೇರೆ ಹೋಗಿದ್ರಂತೆ. ನನ್ನ ಕಡೆಯೋನು ಮೇಲಿನ ಹಾಳೆ ಮಾತ್ರ ಓದ್ಕೊಂಡು ಬರ್ತಾನೆ.”

ವಕೀಲರು ಅಂದಿನಿಂದ ಪೂರ್ತಿ ಓದಿಕೊಂಡು ಬರಲು ಶುರುಮಾಡಿದರು, ಅದು ಬೇರೆ ಮಾತು. ಅಂದು ಮಾತ್ರ ನಾನು ಎದ್ದು, ಎರಡೂ ಕಡೆ ಒಬ್ಬಳೇ ನಿಲ್ಲಲಾಗುವುದಿಲ್ಲ ಎಂದು ಹೇಳಬೇಕಾಯಿತು. ಎಷ್ಟೋ ವರ್ಷ ವಕಾಲತ್ತು ಮಾಡಿದ್ದೇನೆ, ಎದುರು ಪಕ್ಷದವರು ನನ್ನನ್ನು ನಂಬಿದ್ದು ಅದೇ ಮೊದಲು.

ಮೆಸ್ಸಮ್ಮ ಮಗನನ್ನು ಒಂದು ಗಳಿಗೆ ನೋಡಿದರು. “ಸರಿ ಬಿಡಿ ಸಾರ್, ಇವನೇ ಇರ್ಲಿ. ಓದಲ್ಲ, ಆದ್ರೆ ಹಾಕಿದ್ದು ತಿಂತಾನೆ.”

೬. ಕೊನೆಯ ವಿಚಾರಣೆ

ಅಷ್ಟು ಹೊತ್ತಿಗೆ ಮೆಸ್ಸಮ್ಮನಿಗೆ ನಿದ್ರೆ ಬರುತ್ತಿತ್ತು, ಮಾತು ಹದಕ್ಕೆ ಬಂದಿತ್ತು. ಆದರೆ ವಾರ್ಡಿನ ತರಬೇತಿ ಅಡುಗೆಮನೆಯಲ್ಲಿ ನಾಲ್ಕು ಜನಕ್ಕೆ ಮಾಡಿ ಎಂದರೆ ಎರಡು ಸಲವೂ ನಲವತ್ತು ಜನಕ್ಕೆ ಮಾಡಿದ್ದರು. ಮನೆಗೆ ಹೋದರೆ ಮತ್ತೆ ಅದೇ ಶುರುವಾಗುತ್ತದೆ ಎಂದು ಡಾಕ್ಟರ ಅಂಜಿಕೆ. ಹಾಗಾದರೆ ಮಂಡಳಿಯ ಎದುರೇ ಒಮ್ಮೆ ಪರೀಕ್ಷೆ ಆಗಲಿ, ಮಂಡಳಿಯ ಆರು ಸದಸ್ಯರಿಗೆ ಸಾಕಾಗುವಷ್ಟು ಮಾತ್ರ ಚಿತ್ರಾನ್ನ ಮಾಡಲಿ ಎಂದು ನಾನೇ ಸೂಚಿಸಿದೆ. ಹೆಚ್ಚಾದರೆ ತೊಂಬತ್ತು ದಿನ. ಎಲ್ಲರೂ ಒಪ್ಪಿದರು.

ಅಂದು ಬೆಳಗ್ಗೆ ಅಡುಗೆಮನೆಯಲ್ಲಿ ನಾನು, ಡಾಕ್ಟರು, ಒಬ್ಬ ನರ್ಸು ನಿಂತಿದ್ದೆವು. ಮೆಸ್ಸಮ್ಮ ಅಕ್ಕಿ ಮುಟ್ಟಲಿಲ್ಲ. ಬಾಗಿಲಿಗೆ ಹೋಗಿ ವರಾಂಡ ನೋಡಿದರು. ಮುಂದಿನ ಕೇಸುಗಳ ಜನ ಬೆಳಗ್ಗೆಯಿಂದ ಕಾಯುತ್ತಾ ಕೂತಿದ್ದರು.

“ಇವರಿಗೆಲ್ಲ ತಿಂಡಿ ಆಗಿದ್ಯಾ?” ಎಂದು ಕೇಳಿದರು.

“ಅವರು ಲೆಕ್ಕಕ್ಕಿಲ್ಲಮ್ಮ. ನೀವು ಆರು ಜನಕ್ಕೆ ಮಾಡಿ,” ಎಂದೆ.

“ಅವರ ಮುಂದೆ ಆರು ಜನ ಕೂತ್ಕೊಂಡು ತಿಂತೀರಾ?”

ಮೆಸ್ಸಮ್ಮ ಬೆರಳು ಮಡಚುತ್ತಾ ಹೋದರು. ಮಂಡಳಿಯವರು, ಟೈಪಿಸ್ಟು, ಡಾಕ್ಟರು, ನರ್ಸುಗಳು, ಡ್ರೈವರುಗಳು, ಜವಾನರು, ಕಾಯುತ್ತಿರುವವರು, ಮಗ, ವಕೀಲ, ನಾನು. “ಇಪ್ಪತ್ತೇಳು ತಟ್ಟೆ,” ಎಂದು ಹೇಳಿ, ಪಾವಿನಲ್ಲಿ ಅಕ್ಕಿ ಅಳೆದರು. ಒಮ್ಮೆ ಅಳೆದದ್ದನ್ನು ನೋಡಿ, ಒಂದು ಹಿಡಿ ವಾಪಸ್ಸು ಹಾಕಿದರು. ಅಡುಗೆ ಮುಗಿದ ಮೇಲೆ ಒಲೆ ಆರಿಸಿ, ಗ್ಯಾಸಿನ ತಿರುಪನ್ನೂ ಮುಚ್ಚಿ, ನನಗೆ ಕಾಣುವಂತೆ ಪಕ್ಕಕ್ಕೆ ಸರಿದು ನಿಂತರು.

ಚಿತ್ರಾನ್ನ ಖಾಲಿಯಾಯಿತು. ಪಾತ್ರೆಯಲ್ಲಿ ಒಂದು ಕಡಲೆಬೀಜವೂ ಉಳಿಯಲಿಲ್ಲ.

ಆದರೂ ನನ್ನ ಕೆಲಸ ನನ್ನದು. ಅಷ್ಟರಲ್ಲಿ ನಾನು ಎರಡು ಸಲ ತಲೆ ಎಣಿಸಿದ್ದೆ. ಕೈ ತೊಳೆದುಕೊಂಡು ಬಂದು ಎದ್ದು ನಿಂತೆ.

“ಸ್ವಾಮಿ, ಹೇಳಿದ್ದು ಆರು. ಮಾಡಿದ್ದು ಇಪ್ಪತ್ತೇಳು. ಹಸಿದವರಿಗೆ ಮಾಡಿದ್ದು ಅಂತ ಅದನ್ನ ಬಿಟ್ಟರೂ ಇಲ್ಲಿರೋದು ಇಪ್ಪತ್ತಾರೇ ಜನ. ಒಂದು ತಟ್ಟೆ ಜಾಸ್ತಿ. ಈ ಸಲ ಕಾಯಿಲೆ ಶುರುವಾದದ್ದೂ ಇಲ್ಲದವರಿಗೆ ಅಡುಗೆ ಮಾಡೋದ್ರಿಂದಲೇ.”

ಕೋಣೆ ಗಂಭೀರವಾಯಿತು. ಮಗ ಕಣ್ಣು ಮುಚ್ಚಿಕೊಂಡ. ಅಧ್ಯಕ್ಷರು ತಾವೇ ಒಮ್ಮೆ ಎಣಿಸಿದರು. ಇಪ್ಪತ್ತಾರು.

“ಹೌದಲ್ಲಮ್ಮ. ಆ ಒಂದು ನಿಮಗೆ ಅಂತ ಇಟ್ಕೊಂಡಿದ್ರಾ?”

“ಇಲ್ಲ ಸಾರ್. ಬಡಿಸಿದ ದಿನ ನಂಗೆ ತಿನ್ನೋಕೆ ಸೇರಲ್ಲ.”

“ಮತ್ತೆ ಇಪ್ಪತ್ತೇಳನೇದು ಯಾರಿಗೆ?”

ಮೆಸ್ಸಮ್ಮ ನನ್ನ ಕಡೆ ತಿರುಗಿದರು. ಕೋಪವಿಲ್ಲ, ಗೆದ್ದ ಗರ್ವವೂ ಇಲ್ಲ. ಹೇಳಬೇಕಲ್ಲ ಎಂಬ ಸಂಕೋಚ ಮಾತ್ರ.

“ಆಯಮ್ಮ ಪ್ರತಿ ಸಲ ಖಾಲಿ ಹೊಟ್ಟೇಲಿ ಬರ್ತಾರೆ ಸಾರ್. ಹನ್ನೊಂದು ಗಂಟೆಗೆ ಕಾಗದ ಹಿಡ್ಕೊಂಡ ಕೈ ನಡುಗುತ್ತೆ. ಎರಡನೇ ಸಲ ಹಾಕಿಸ್ಕೋತಾರೆ ಅಂತ ಗೊತ್ತಿತ್ತು. ಹಾಕಿಸ್ಕೊಂಡ್ರು.”

ಹಾಕಿಸಿಕೊಂಡಿದ್ದೆ. ಕಂಬದ ಮರೆಯಲ್ಲಿ ನಿಂತು, ಯಾರೂ ನೋಡಲಿಲ್ಲ ಎಂದುಕೊಂಡು.

ಅಧ್ಯಕ್ಷರು ಫೈಲಿನ ಮೇಲೆ ಬಗ್ಗಿದರು. ಅವರೂ ತೋಳಿಗೆ ಬಾಯಿ ಒತ್ತಿಕೊಂಡಿದ್ದರು. ಆಮೇಲೆ ಆದೇಶ ಹೇಳಿ ಬರೆಸಿದರು. ಮನೆಗೆ ಕಳಿಸುವುದು. ಮಾತ್ರೆ ತಪ್ಪಿಸಬಾರದು. ಹದಿನೈದು ದಿನಕ್ಕೊಮ್ಮೆ ಡಾಕ್ಟರಿಗೆ ತೋರಿಸಬೇಕು. ಮಗ ಮನೆಯಲ್ಲಿರುವಾಗ ಮಾತ್ರ ಒಲೆ ಹಚ್ಚಬೇಕು, ಅಡುಗೆಗೆ ಮೊದಲು ತಲೆ ಎಣಿಸಬೇಕು. ಮಗ ಎದ್ದು ಹೋಗಿ ತಾಯಿಯ ಪಕ್ಕದಲ್ಲಿ ನಿಂತ.

ಟೈಪಿಸ್ಟು ಕೈ ನಿಲ್ಲಿಸಿದಳು. “ಸಾರ್, ಸರ್ಕಾರಿ ವಕೀಲರು ಏನು ಹೇಳಿದ್ರು ಅಂತ ಹಾಕ್ಲಿ?”

ಅಧ್ಯಕ್ಷರು ನನ್ನ ಕಡೆ ನೋಡಿದರು.

“ಅವರು ಇನ್ನೂ ಸ್ವಲ್ಪ ಕೇಳಿದ್ರು ಅಂತ ಹಾಕಮ್ಮ.”