ಮೂವತ್ತೊಂಬತ್ತರ ರೂಪಾಯಿ

ಬೆಳ್ಳಿಯ ಬೆಲೆ ಬಿದ್ದ ಸುದ್ದಿ ಬಂಟ್ವಾಳ ಪೇಟೆಗೆ ಬಂದದ್ದು ಬೆಳಿಗ್ಗೆ ಒಂಬತ್ತಕ್ಕೆ. ಒಂಬತ್ತೂವರೆಗೆ ಟೈಲರ್ ಅಬ್ದುಲ್ ಶುಕೂರರ ಅಂಗಡಿಗೆ ಸಾವಿನ ಮನೆಯ ಕಳೆ ಬಂದಿತ್ತು. ಸತ್ತವರು ಯಾರೂ ಇರಲಿಲ್ಲ. ಶುಕೂರರ ಮನೆಯ ಕಪಾಟಿನಲ್ಲಿ, ದುಬೈಯಿಂದ ಬಂದ ಬಿಸ್ಕತ್ತಿನ ಡಬ್ಬದೊಳಗೆ ನಲವತ್ತು ಹಳೆಯ ಬೆಳ್ಳಿ ರೂಪಾಯಿಗಳಿದ್ದದ್ದು ಇಡೀ ಬೀದಿಗೆ ಗೊತ್ತಿತ್ತು. ಆದ್ದರಿಂದ ಜನ ಸಂತಾಪ ಹೇಳಲು ಬರುತ್ತಿದ್ದರು.

"ಹೋದ ತಿಂಗಳೇ ಕೊಟ್ಟುಬಿಡಿ ಅಂತ ಹೇಳಿದ್ದೆ," ಎದುರಿನ ದಿನಸಿ ಅಂಗಡಿಯ ಕೇಶವಪ್ರಸಾದರು ತಲೆಯಾಡಿಸಿದರು. "ಆಗ ಬೆಳ್ಳಿ ಆಕಾಶದಲ್ಲಿತ್ತು. ನೀವು ಕೇಳ್ಲಿಲ್ಲ ಮಾರಾಯ್ರೇ."

"ಇನ್ನೂ ಇಳೀತಾ ಉಂಟು ಶುಕೂರಾಕ," ಪಕ್ಕದ ಮೊಬೈಲ್ ಅಂಗಡಿಯ ನಿಝಾರ್ ಫೋನು ಎತ್ತಿ ತೋರಿಸಿದ. "ನೀವು ಅಂಗಿಗೊಂದು ಗುಬ್ಬಿ ಹೊಲಿಯುವಷ್ಟರಲ್ಲಿ ಮತ್ತೂ ಇಳೀತು ನೋಡಿ."

ಶುಕೂರರು ಹೊಲಿಗೆ ನಿಲ್ಲಿಸಲಿಲ್ಲ. "ಸಾಧಾರಣ ನಾಣ್ಯ ಬೆಳ್ಳಿಯ ಬಾಲ ಹಿಡ್ಕೊಂಡು ಏರ್ತದೆ, ಇಳೀತದೆ. ಅಪರೂಪದ್ದು ಹಾಗಲ್ಲ. ಅದರ ಬೆಲೆ ಇರುವುದು ಇಸವಿಯಲ್ಲಿ. ಬೆಳ್ಳಿ ಮಣ್ಣಾದ್ರೂ ಅದಕ್ಕೇನೂ ಆಗುದಿಲ್ಲ."

"ಅಂಥ ಅಪರೂಪದ್ದು ಯಾವುದುಂಟು ನಿಮ್ಮಲ್ಲಿ?" ಕೇಶವಪ್ರಸಾದರು ಕೇಳಿದರು.

ಶುಕೂರರು ಹೊಲಿಗೆಯತ್ತ ಇನ್ನಷ್ಟು ಬಗ್ಗಿದರು. ಅಂಥದ್ದೊಂದು ಇತ್ತು. ಸಾವಿರದ ಒಂಬೈನೂರ ಮೂವತ್ತೊಂಬತ್ತನೇ ಇಸವಿಯ ರೂಪಾಯಿ. ಸಂಗ್ರಹಕಾರರು ಅದರ ಹೆಸರು ಕೇಳಿದರೆ ಊಟ ಬಿಟ್ಟು ಎದ್ದು ಬರುತ್ತಾರೆ. ಇಪ್ಪತ್ತು ವರ್ಷಗಳ ಹಿಂದೆ ವಿಟ್ಲದ ಒಬ್ಬ ಅಜ್ಜಿ ರವಿಕೆ ಹೊಲಿದದ್ದಕ್ಕೆ ಅದನ್ನು ಕೊಟ್ಟಿದ್ದರು. "ಅಜ್ಜಿ, ಇದು ಬೆಲೆಯುಳ್ಳದ್ದು, ಕೊಡ್ಬೇಡಿ" ಎಂದು ಶುಕೂರರು ಎರಡು ಸಲ ಹೇಳಿದರೂ ಅಜ್ಜಿ ಕೇಳಲಿಲ್ಲ. ಕೊನೆಗೆ ಆ ಅಜ್ಜಿ ಇರುವ ತನಕ ಅವರ ರವಿಕೆಗಳನ್ನೆಲ್ಲ ಪುಕ್ಕಟೆ ಹೊಲಿದುಕೊಟ್ಟ ಮನುಷ್ಯ ಇವರು. ನಾಣ್ಯ ಸಿಕ್ಕಿದ ಸಂತೋಷಕ್ಕೆ ಅಂದು ಕೈಯಲ್ಲಿದ್ದ ಕತ್ತರಿ ಕೆಳಗಿಡಲು ಮರೆತು, ಅದರ ತುದಿ ತಾಗಿ, ನಾಣ್ಯದ ಮೇಲಿನ ರಾಜನ ಕಿವಿಯ ಹತ್ತಿರ ಒಂದು ಸಣ್ಣ ಗೀರೂ ಬಿದ್ದಿತ್ತು.

ಈ ಗುಟ್ಟನ್ನು ಅವರು ಹೆಂಡತಿ ನಬೀಸಾಳಿಗೂ ಹೇಳಿರಲಿಲ್ಲ. ಶುಕೂರರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅಂಗಿ ಶುಕ್ರವಾರಕ್ಕೆ ಆಗುವುದಿಲ್ಲವೆಂದರೆ ಆಗುವುದಿಲ್ಲವೆಂದೇ ಹೇಳುವ ಟೈಲರು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು. ಸುಳ್ಳು ಹೇಳಲಾಗದವನು ಗುಟ್ಟು ಉಳಿಸಿಕೊಳ್ಳಬೇಕಾದರೆ ಸುಮ್ಮನಿರಬೇಕಷ್ಟೆ. ಹಾಗೆ ಸುಮ್ಮನಿದ್ದದ್ದೇ ತಪ್ಪಾಯಿತು.

ಹನ್ನೊಂದು ಗಂಟೆಯೊಳಗೆ ಯಾರೋ ಚಹಾ ತರಿಸಿದರು. ನಿಝಾರ್ ಬಿ.ಪಿ. ನೋಡಿಸಿಕೊಳ್ಳಲು ಹೇಳಿದ. ಕೇಶವಪ್ರಸಾದರು ಹೆಗಲ ಮೇಲೆ ಕೈಯಿಟ್ಟು, "ಅಕ್ಕಿ ಬೇಳೆಗೆ ಯೋಚನೆ ಮಾಡ್ಬೇಡಿ, ನಾವೆಲ್ಲ ಇಲ್ವಾ" ಎಂದಾಗ ಶುಕೂರರಿಗೆ ತಡೆಯಲಾಗಲಿಲ್ಲ. ಮೂಡುಬಿದಿರೆ ಬಳಿಯ ಪುತ್ತಿಗೆಯ ರಾಮಪ್ರಸಾದ್ ಮಾಷ್ಟ್ರಿಗೆ ಫೋನು ಮಾಡಿದರು. ಮಾಷ್ಟ್ರು ನಿವೃತ್ತಿಯಾದ ಮೇಲೆ ಪಿಂಚಣಿಯನ್ನೆಲ್ಲ ನಾಣ್ಯಕ್ಕೆ ಹಾಕಿದವರು.

"ನಾನೇ ಹೊರಟಿದ್ದೇನೆ ಶುಕೂರ್," ಎಂದರು ಮಾಷ್ಟ್ರು. "ನಿಮಗೊಂದು ತೋರಿಸ್ಲಿಕ್ಕುಂಟು."

"ಬನ್ನಿ ಎಲ್ಲರೂ," ಶುಕೂರರು ಎದ್ದರು. "ನನ್ನ ಡಬ್ಬದಲ್ಲಿ ಏನುಂಟೂಂತ ಇವತ್ತು ಮಾಷ್ಟ್ರ ಬಾಯಿಂದಲೇ ಕೇಳಿ."

ಬೀದಿ ಅವರ ಹಿಂದೆಯೇ ಮನೆಗೆ ಹೊರಟಿತು. ಶುಕೂರರು ಕಪಾಟು ತೆರೆದು, ಡಬ್ಬವನ್ನು ಎತ್ತಿ ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದರು. ಒಳಗೆ ಸೂಜಿ, ನೂಲು, ಅಂಗಿಯ ಆರು ಗುಬ್ಬಿಗಳು ಇದ್ದವು.

"ಕಳ್ಳ!" ಎಂದರು ಕೇಶವಪ್ರಸಾದರು. ನಿಝಾರ್ ಎದುರಿನ ಕಂಬದಲ್ಲಿ ಕ್ಯಾಮೆರಾ ಉಂಟೋ ಎಂದು ನೋಡಲು ಅಂಗಳಕ್ಕೆ ಓಡಿದ. ಶುಕೂರರು ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿ ನೋಡಿದರು. ಅಷ್ಟರಲ್ಲಿ ರಿಕ್ಷಾದಿಂದ ನಬೀಸಾ ಇಳಿದಳು. ಕೈಯಲ್ಲಿ ದೊಡ್ಡ ಕಟ್ಟು, ಬುರ್ಖಾದ ತುಂಬ ನೆಲದ ಧೂಳು, ಮುಖದಲ್ಲಿ ಪರೀಕ್ಷೆ ಪಾಸಾದ ಮಕ್ಕಳ ನಗು.

"ಹುಡುಕ್ತಿದ್ದೀರಾ? ಎಲ್ಲ ಇಲ್ಲುಂಟು," ಎಂದಳು. "ಬೆಳ್ಳಿ ಏರಿದಾಗ ಕೊಡಿ ಅಂದೆ, ನೀವು ಕೊಡ್ಲಿಲ್ಲ. ನಾನೇ ಬಂಗಾರದಂಗಡಿಗೆ ಕೊಟ್ಟೆ. ಇಳೀತದೆ ಅಂತ ಗೊತ್ತಿತ್ತು. ಇವತ್ತು ಬೆಳಿಗ್ಗೆ ಹೋಗಿ ನಲವತ್ತಕ್ಕೆ ನಲವತ್ತು ವಾಪಸ್ ತಂದೆ. ನಡುವಿನ ಲಾಭದಲ್ಲಿ ನಿಮಗೆ ಇದು."

ಕಟ್ಟು ಬಿಚ್ಚಿದಳು. ಮಖಮಲ್ಲಿನ ಆಲ್ಬಂ. ಒಂದೊಂದು ನಾಣ್ಯ ಕೂರಲು ಒಂದೊಂದು ಗುಂಡಿ, ಕೆಳಗೆ ಇಸವಿ.

ಬೀದಿ ಚಪ್ಪಾಳೆ ತಟ್ಟಿತು. ತಟ್ಟಬೇಕಾದ್ದೇ. ಏರಿದಾಗ ಮಾರಿ ಇಳಿದಾಗ ಕೊಳ್ಳುವುದನ್ನು ದೊಡ್ಡ ದೊಡ್ಡವರು ಬಾಯಲ್ಲಿ ಹೇಳುತ್ತಾರೆ, ಮಾಡಿ ತೋರಿಸಿದ್ದು ನಬೀಸಾ.

"ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟು ಇಟ್ಟು ಸವೆಸ್ತೀರಲ್ಲ," ಎಂದಳು ಅವಳು. "ಅಂಗಡಿಯ ನೆಲದಲ್ಲಿ ರಾಶಿಯ ಮುಂದೆ ಕೂತು ಇಸವಿಗೊಂದರಂತೆ ನೋಡಿ ನೋಡಿ ಹೆಕ್ಕಿದೆ. ಕಣ್ಣು ನೋಯ್ತದೆ. ಇದೊಂದು ಗುಂಡಿ ಮಾತ್ರ ಖಾಲಿ ಉಳೀತು. ಮೂವತ್ತೊಂಬತ್ತು. ನಿಮ್ಮತ್ರ ಅದು ಇತ್ತಾ?"

ಶುಕೂರರು ಖಾಲಿ ಗುಂಡಿಯನ್ನು ನೋಡಿದರು. ಅವಳ ಕೆಂಪಾದ ಕಣ್ಣುಗಳನ್ನು ನೋಡಿದರು.

"ಇರ್ಲಿಲ್ಲ," ಎಂದರು.

ಶುಕೂರರು ಹೇಳಿದ ಮೇಲೆ ಮುಗಿಯಿತು, ಯಾರೂ ಮತ್ತೆ ಕೇಳಲಿಲ್ಲ.

ಆಗಲೇ ರಾಮಪ್ರಸಾದ್ ಮಾಷ್ಟ್ರು ಬಂದರು. ಕೂರುವ ಮೊದಲೇ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದರು. "ಹೋದ ವಾರ ನಿಮ್ಮ ಪೇಟೆಯ ಬಂಗಾರದಂಗಡಿಯ ರಾಶಿಯಲ್ಲಿ ಸಿಕ್ಕಿತು. ತೂಕದ ಲೆಕ್ಕದಲ್ಲಿ ತಂದದ್ದು. ಎಂಟನ್ನು ಕೆತ್ತಿ ಒಂಬತ್ತು ಮಾಡಿದ ನಕಲಿ ತುಂಬ ಬರ್ತದೆ ನೋಡಿ, ನನಗೆ ಧೈರ್ಯ ಇಲ್ಲ. ನೀವು ಅಸಲಿ ಅಂದ್ರೆ ಅಸಲಿ. ನಕಲಿ ಅಂದ್ರೆ ಇಲ್ಲೇ ಬಿಟ್ಟು ಹೋಗ್ತೇನೆ, ಬೆಳ್ಳಿಯ ದುಡ್ಡು ಕೊಟ್ರೆ ಸಾಕು."

ಶುಕೂರರು ನಾಣ್ಯವನ್ನು ಬೆಳಕಿಗೆ ಹಿಡಿದರು. ರಾಜನ ಕಿವಿಯ ಹತ್ತಿರ ಸಣ್ಣ ಗೀರು ಇತ್ತು.

'ನಕಲಿ' ಎಂಬ ಒಂದೇ ಒಂದು ಮಾತು ಸಾಕಿತ್ತು. ಅದು ಅವರ ನಾಲಗೆಯ ತುದಿಯವರೆಗೆ ಬಂದಿತ್ತು ಕೂಡ. ನಾನಾಗಿದ್ದರೆ ಹೇಳಿಯೇ ಬಿಡುತ್ತಿದ್ದೆ, ಓದುವ ನೀವೂ ಹೇಳುತ್ತಿದ್ದಿರಿ. ಶುಕೂರರು ಗಂಟಲು ಸರಿಮಾಡಿಕೊಂಡರು.

"ಅಸಲಿ ಮಾಷ್ಟ್ರೇ. ನೂರಕ್ಕೆ ನೂರು."

"ಈ ಗೀರು?"

"ಕತ್ತರಿಯದ್ದು. ಅದರಿಂದ ಬೆಲೆ ಸ್ವಲ್ಪ ಕಡಿಮೆ ಆಗ್ತದೆ. ಆದ್ರೂ ಲಕ್ಷಕ್ಕಿಂತ ಕಮ್ಮಿಗೆ ಯಾರಿಗೂ ಕೊಡ್ಬೇಡಿ."

"ಕತ್ತರಿ ಅಂತ ಹೇಗೆ ಗೊತ್ತಾಯ್ತು ನಿಮಗೆ?"

"ಟೈಲರಲ್ವಾ."

"ಲಕ್ಷವಾ? ಬೆಳ್ಳಿ ಇಷ್ಟು ಇಳಿದ ಮೇಲೂ?" ನಿಝಾರನ ಬಾಯಿ ತೆರೆದೇ ಉಳಿಯಿತು. ಕೇಶವಪ್ರಸಾದರು ಎದ್ದು ಬಂದು ಶುಕೂರರ ಕೈ ಕುಲುಕಿದರು. "ನೀವು ಹೇಳಿದ್ದೇ ಸರಿ ಮಾರಾಯ್ರೇ. ನಾವು ಸುಮ್ಮನೆ ತಮಾಷೆ ಮಾಡಿದೆವು." ಬೆಳಗ್ಗಿನಿಂದ ನಡೆದ ವಾದದಲ್ಲಿ ಶುಕೂರರು ಗೆದ್ದಿದ್ದರು. ಗೆಲ್ಲಿಸಿದ ನಾಣ್ಯವನ್ನು ಕಿಸೆಗೆ ಹಾಕಿಕೊಂಡು ಮಾಷ್ಟ್ರು ಮೂಡುಬಿದಿರೆ ಬಸ್ಸಿಗೆ ಹೊರಟರು.

ಎಲ್ಲರೂ ಹೋದ ಮೇಲೆ ನಬೀಸಾ ಆಲ್ಬಂ ಬಿಡಿಸಿ ಖಾಲಿ ಗುಂಡಿಯ ಮೇಲೆ ಬೆರಳಾಡಿಸಿದಳು. "ಮಾಷ್ಟ್ರು ನನಗಿಂತ ಮೊದಲೇ ಹೆಕ್ಕಿದ್ರಲ್ಲ, ಛೆ! ಇರ್ಲಿ. ಬೆಳ್ಳಿ ಇನ್ನೂ ಇಳಿದ್ರೆ ಅದೂ ನಮ್ಮ ಕೈಗೆ ಎಟುಕ್ತದೆ. ಅಲ್ವಾ?"

ಬೆಳಗ್ಗಿನಿಂದ ಇಡೀ ಪೇಟೆಗೆ ಪಾಠ ಹೇಳಿದ್ದ ಶುಕೂರರು ಹೆಂಡತಿಯ ಮುಖ ನೋಡಿದರು.

"ಹೌದು ಹೌದು," ಎಂದರು. "ಬೆಳ್ಳಿ ಇನ್ನೂ ಸ್ವಲ್ಪ ಇಳಿಯಲಿ. ತರುವ."